ಗುರುತು ಅಂಟಿಸದೆ ಅಣುವನ್ನು ಗುರುತಿಸಿದ ರಾಮನ್

ಬೆಂಗಳೂರು: 1928ರ ಮಾರ್ಚ್ 16, ಶುಕ್ರವಾರ. ನಗರದ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಸಭೆ ಸೇರಿತ್ತು. ಕಲ್ಕತ್ತೆಯಿಂದ ಬಂದಿದ್ದ 39ರ ಹರೆಯದ ಭೌತವಿಜ್ಞಾನ ಪ್ರಾಧ್ಯಾಪಕರೊಬ್ಬರು ತಾವು ಹದಿನೇಳು ದಿನಗಳ ಹಿಂದೆ ಕಂಡ ಹೊಸ ಬಗೆಯ ಬೆಳಕಿನ ಬಗ್ಗೆ ಅಲ್ಲಿ ಸವಿಸ್ತಾರವಾಗಿ ಉಪನ್ಯಾಸ ನೀಡಿದರು. ಎರಡು ವರ್ಷಗಳ ತರುವಾಯ ಆ ಬೆಳಕೇ ಅವರಿಗೆ ನೊಬೆಲ್ ಪ್ರಶಸ್ತಿಯನ್ನು ತಂದುಕೊಟ್ಟಿತು. ಐದು ವರ್ಷಗಳ ತರುವಾಯ ಅವರೇ ಬೆಂಗಳೂರಿನ ನಿವಾಸಿಯಾದರು. ಅವರು ಚಂದ್ರಶೇಖರ ವೆಂಕಟರಾಮನ್, ಸರ್ ಸಿ.ವಿ. ರಾಮನ್.

ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ಬಂದಾಗ ಶಾಲೆಗಳಲ್ಲಿ ರಾಮನ್ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಅವರು ಕಂಡುಹಿಡಿದದ್ದು ಏನು, ಅದರಿಂದ ಯಾರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿಗೆ ಹೋಗಬಹುದು.

ವಿಜಯಪುರ ಜಿಲ್ಲೆಯ ಕಾಖಂಡಕಿಯಂಥ ಊರಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣಿಸಿ ಬೆಂಗಳೂರಿಗೆ ಬರುವ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ರಕ್ತನಾಳಕ್ಕೆ ಔಷಧ ಹನಿಯುತ್ತದೆ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ರಕ್ತಕಣಗಳು ಇಳಿಯುತ್ತವೆ. ಇಷ್ಟೆಲ್ಲ ನೋವು ಕೊಟ್ಟ ಆ ಔಷಧ ಗಡ್ಡೆಯನ್ನು ತಲುಪಿತೇ ಎಂಬುದು ಮಾತ್ರ ಅಂದೇ ತಿಳಿಯುವುದಿಲ್ಲ. ಕೆಲವು ವಾರ ಅಥವಾ ತಿಂಗಳ ಬಳಿಕ ಸ್ಕ್ಯಾನ್ ಮಾಡಿ, ಗಡ್ಡೆ ಕುಗ್ಗಿದ್ದರೆ ಔಷಧ ಕೆಲಸ ಮಾಡಿದೆ ಎಂದು ತಿಳಿಯಬೇಕು. ಕುಗ್ಗದಿದ್ದರೆ ಅಷ್ಟು ದಿನಗಳೂ ವ್ಯರ್ಥ.

ಔಷಧದ ದಾರಿಯನ್ನು ನೋಡಲು ಅದಕ್ಕೆ ವಿಕಿರಣಶೀಲ ಧಾತುವನ್ನೋ, ಹೊಳೆಯುವ ಬಣ್ಣವನ್ನೋ, ಗ್ಯಾಡೊಲಿನಿಯಂನಂಥ ಲೋಹವನ್ನೋ ಅಂಟಿಸುವ ವಿಧಾನಗಳಿವೆ. ಆದರೆ ಚಿಕ್ಕ ಅಣುವೊಂದಕ್ಕೆ ದೊಡ್ಡ ಗುರುತನ್ನು ಅಂಟಿಸಿದರೆ ಅದು ಮೊದಲಿನ ಔಷಧವಾಗಿ ಉಳಿಯುವುದಿಲ್ಲ. ಅದರ ನಡೆ ಬದಲಾಗುತ್ತದೆ. ಕೆಲವೊಮ್ಮೆ ಗುರುತು ಕಳಚಿಕೊಂಡು ಬೇರೆಡೆಗೆ ಹೋಗುತ್ತದೆ, ವೈದ್ಯರು ನೋಡುವುದು ಗುರುತನ್ನೇ ಹೊರತು ಔಷಧವನ್ನಲ್ಲ. ಹೊರಗಿನ ಯಾವ ಗುರುತೂ ಇಲ್ಲದೆ, ಅಣುವನ್ನು ಅದರದೇ ಸಹಜ ಲಕ್ಷಣದಿಂದ ಗುರುತಿಸಲು ಸಾಧ್ಯವೇ? ರಾಮನ್ ಅವರ ಬದುಕಿನ ಬಹುಭಾಗ ಕಳೆದದ್ದು ಇಂಥದೇ ಪ್ರಶ್ನೆಯ ಬೆನ್ನು ಹತ್ತಿ.

ಲೆಕ್ಕಪತ್ರ ಇಲಾಖೆಯ ವಿಜ್ಞಾನಿ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ದೊರೆತುದರಿಂದ ಬಾಲ್ಯ ಅಲ್ಲಿ ಕಳೆಯಿತು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಹುಡುಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಪ್ರಬಂಧ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜಿನ್ ಪತ್ರಿಕೆಯಲ್ಲಿ ಅಚ್ಚಾಯಿತು.

ವಿಜ್ಞಾನವನ್ನೇ ನೆಚ್ಚಿ ಬದುಕುವ ಅವಕಾಶ ಆಗಿನ ಭಾರತದಲ್ಲಿ ಇರಲಿಲ್ಲ. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಉತ್ತೀರ್ಣರಾದರು. 1907ರಲ್ಲಿ ಲೋಕಸುಂದರಿ ಅವರನ್ನು ವಿವಾಹವಾಗಿ, ಅದೇ ವರ್ಷ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕೆಲಸಕ್ಕೆ ಸೇರಿದರು. ಅಲ್ಲಿನ ಬೌಬಜಾರ್ ರಸ್ತೆಯಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಕಟ್ಟಡವಿತ್ತು. ಕಚೇರಿಗೆ ಹೋಗುವ ಮುನ್ನ, ಕಚೇರಿ ಬಿಟ್ಟ ಮೇಲೆ ರಾಮನ್ ಅಲ್ಲಿ ಪ್ರಯೋಗಗಳಲ್ಲಿ ತೊಡಗಿದರು. ಪಿಟೀಲು, ವೀಣೆ, ಮೃದಂಗ, ತಬಲಾಗಳ ನಾದವನ್ನು ಅಭ್ಯಸಿಸಿದರು. ಪ್ರತಿ ವಾದ್ಯಕ್ಕೂ ಅದರದೇ ಕಂಪನಗಳ ಸಮೂಹವಿದೆ, ಕಣ್ಣು ಮುಚ್ಚಿ ಕೇಳಿದರೂ ವಾದ್ಯ ಯಾವುದೆಂದು ಹೇಳಬಹುದು. ಮುಂದೆ ಅಣುಗಳ ವಿಷಯದಲ್ಲಿ ಅವರು ಕಂಡದ್ದೂ ಇದಕ್ಕೆ ತೀರ ದೂರದ್ದಲ್ಲ.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗಾಗಿ ಅವರು ಸರ್ಕಾರಿ ನೌಕರಿಯನ್ನು ತ್ಯಜಿಸಿದರು. ಸಂಬಳ ಕಡಿಮೆಯಾಯಿತು, ಪ್ರಯೋಗಾಲಯದ ಸಮಯ ಹೆಚ್ಚಾಯಿತು.

ಕಡಲಿನ ನೀಲಿಯಿಂದ

1921ರಲ್ಲಿ ರಾಮನ್ ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಹೋದರು. ನಾರ್ಕುಂಡ ಎಂಬ ಹಡಗಿನಲ್ಲಿ ಹಿಂತಿರುಗುವಾಗ ಮೆಡಿಟರೇನಿಯನ್ ಕಡಲಿನ ಕಡುನೀಲಿ ಅವರ ಗಮನ ಸೆಳೆಯಿತು. ಆಕಾಶದ ಬಣ್ಣ ಪ್ರತಿಫಲಿಸುವುದರಿಂದ ಕಡಲು ನೀಲಿಯಾಗಿ ಕಾಣುತ್ತದೆ ಎಂಬುದು ಲಾರ್ಡ್ ರ್‍ಯಾಲಿಯವರ ಅಭಿಪ್ರಾಯವಾಗಿತ್ತು. ಜೇಬಿನಲ್ಲಿದ್ದ ನಿಕಲ್ ಪಟ್ಟಕದ ಮೂಲಕ ಪ್ರತಿಫಲನವನ್ನು ತಡೆದು ನೋಡಿದರೂ ನೀಲಿ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ರಾಮನ್ ನಿರ್ಧರಿಸಿದರು. ಮುಂದಿನ ಏಳು ವರ್ಷ ಅವರೂ ಅವರ ಶಿಷ್ಯರೂ ಚದುರಿದ ಬೆಳಕನ್ನಲ್ಲದೆ ಬೇರೇನನ್ನೂ ಹೆಚ್ಚಾಗಿ ಯೋಚಿಸಲಿಲ್ಲ.

1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ದ್ರವಗಳಲ್ಲಿ ಚದುರಿದ ಬೆಳಕಿನ ಜತೆ ಮಂಕಾದ, ಬಣ್ಣ ಬದಲಾದ ಇನ್ನೊಂದು ಬೆಳಕು ಕಾಣಿಸಿತು. ದ್ರವದಲ್ಲಿ ಕಶ್ಮಲವಿರಬಹುದೆಂದು ಮತ್ತೆ ಮತ್ತೆ ಶುದ್ಧೀಕರಿಸಿದರು. ಬೆಳಕು ಹೋಗಲಿಲ್ಲ. ಕೆ.ಎಸ್. ಕೃಷ್ಣನ್ ಅವರೊಡನೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಅದು ಇತ್ತು. 1928ರ ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ನೋಡಿದಾಗ, ಒಳಹೋದ ಬೆಳಕಿನಿಂದ ಪ್ರತ್ಯೇಕವಾಗಿ ನಿಂತ ಹೊಸ ಬೆಳಕು ಸ್ಪಷ್ಟವಾಗಿ ಗೋಚರಿಸಿತು.

ಅರ್ಥ ಸರಳವಾಗಿತ್ತು. ಬೆಳಕು ಅಣುವಿಗೆ ತಾಗಿದಾಗ ಅಣು ತನ್ನ ಕಂಪನಕ್ಕೆ ಬೇಕಾದಷ್ಟು ಶಕ್ತಿಯನ್ನು ಅದರಿಂದ ತೆಗೆದುಕೊಳ್ಳುತ್ತದೆ ಅಥವಾ ಅದಕ್ಕೆ ಕೊಡುತ್ತದೆ. ಹೊರಬರುವ ಬೆಳಕಿನ ಬಣ್ಣ ಅಷ್ಟರಮಟ್ಟಿಗೆ ಬದಲಾಗುತ್ತದೆ. ಬೆಂಜೀನ್ ಮಾಡುವ ಬದಲಾವಣೆಯೇ ಬೇರೆ, ಗ್ಲಿಸರಿನ್ ಮಾಡುವುದೇ ಬೇರೆ. ಪ್ರತಿ ವಸ್ತುವೂ ತನ್ನ ಹೆಬ್ಬೆಟ್ಟಿನ ಗುರುತನ್ನು ತಾನೇ ಒತ್ತಿ ಕಳಿಸುತ್ತದೆ. ಅಣುವಿಗೆ ಬಣ್ಣ ಬಳಿಯಬೇಕಿಲ್ಲ, ಏನನ್ನೂ ಅಂಟಿಸಬೇಕಿಲ್ಲ. ಅದೇ ಸುಮಾರಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅವರು ಹರಳುಗಳಲ್ಲಿ ಇದನ್ನೇ ಕಂಡಿದ್ದರು. ಆದರೆ ಪ್ರಕಟಣೆಯಲ್ಲಿ ರಾಮನ್ ಮುಂದಿದ್ದರು.

ತೊಡಕೂ ಇತ್ತು. ಈ ಬೆಳಕು ಅತಿ ಕ್ಷೀಣ. ಅಣುಗಳಿಗೆ ತಾಗುವ ಬೆಳಕಿನ ಸರಿಸುಮಾರು ಕೋಟಿಗೊಂದು ಕಣ ಮಾತ್ರ ಹೀಗೆ ಬಣ್ಣ ಬದಲಿಸುತ್ತದೆ. ಛಾಯಾಫಲಕದ ಮೇಲೆ ಅದನ್ನು ಮೂಡಿಸಲು ಅನೇಕ ಗಂಟೆ ಕಾಯಬೇಕಿತ್ತು. ಗುರುತಿಲ್ಲದೆ ಅಣುವನ್ನು ನೋಡಬಯಸುವ ಎಲ್ಲರನ್ನೂ ಇಂದಿಗೂ ಕಾಡುತ್ತಿರುವ ತೊಡಕು ಇದೇ.

ಬೆಂಗಳೂರಿನ ಏಳುಬೀಳು

1930ರಲ್ಲಿ ನೊಬೆಲ್ ಬಂದಾಗ ರಾಮನ್ ವಿಜ್ಞಾನದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಏಷ್ಯನ್ ಆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಜನರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟ್, ಅವರನ್ನು ನಿರ್ದೇಶಕರನ್ನಾಗಿ ಬರಮಾಡಿಕೊಂಡಿತು. ಆ ಹುದ್ದೆಗೇರಿದ ಮೊದಲ ಭಾರತೀಯ ಅವರೇ. ಅವರು ಭೌತವಿಜ್ಞಾನ ವಿಭಾಗ ಆರಂಭಿಸಿದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ಪ್ರೊಸೀಡಿಂಗ್ಸ್ ಪತ್ರಿಕೆಯನ್ನು ತಿಂಗಳು ತಪ್ಪದಂತೆ ಹೊರತರತೊಡಗಿದರು. ಮೈಸೂರು ಸರ್ಕಾರ ಅಕಾಡೆಮಿಗೆ ಭೂಮಿ ಕೊಟ್ಟಿತು. ನಾಗೇಂದ್ರನಾಥ್ ಅವರೊಡನೆ ಧ್ವನಿ ತರಂಗಗಳು ಬೆಳಕನ್ನು ಬಾಗಿಸುವ ಬಗೆಯನ್ನು ವಿವರಿಸಿದ ಸಿದ್ಧಾಂತ ಇಲ್ಲಿಯೇ ರೂಪುಗೊಂಡಿತು.

ಆದರೆ ಆಡಳಿತ ಅವರಿಗೆ ಒಗ್ಗಲಿಲ್ಲ. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆತಂದ ರಾಮನ್ ಅವರನ್ನು ಇಲ್ಲಿಯೇ ಉಳಿಸಿಕೊಳ್ಳಲು ಹವಣಿಸಿ ವಿಫಲರಾದರು. ಭೌತವಿಜ್ಞಾನಕ್ಕೆ ಹೆಚ್ಚು ಒಲವು, ಸಹೋದ್ಯೋಗಿಗಳೊಡನೆ ಕಠಿಣ ನಡೆ ಎಂಬ ಆಕ್ಷೇಪಗಳು ಬಂದವು. ಪರಿಶೀಲನಾ ಸಮಿತಿ ನೇಮಕವಾಯಿತು. 1937ರಲ್ಲಿ ಅವರು ನಿರ್ದೇಶಕ ಹುದ್ದೆಯನ್ನು ಬಿಟ್ಟು, 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು.

ಅವರ ದೋಷಗಳನ್ನು ಮರೆಮಾಚುವ ಅಗತ್ಯವಿಲ್ಲ. 1933ರಲ್ಲಿ ಸಂಸ್ಥೆಗೆ ಸೇರಲು ಬಂದ ಕಮಲಾ ಭಾಗವತ್ ಅವರನ್ನು, ಹೆಣ್ಣೆಂಬ ಕಾರಣಕ್ಕೆ, ರಾಮನ್ ಮೊದಲು ತಿರಸ್ಕರಿಸಿದರು. ಆಕೆ ಪಟ್ಟು ಬಿಡದಿದ್ದಾಗ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯೇ ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ಕಮಲಾ ಸೊಹೊನಿ ಎಂಬ ಹೆಸರಿನಿಂದ ಖ್ಯಾತರಾದರು. ಅನಂತರದ ವರ್ಷಗಳಲ್ಲಿ ಅಣ್ಣಾ ಮಣಿ ಅವರಂಥ ಸಂಶೋಧಕಿಯರು ರಾಮನ್ ಅವರ ಪ್ರಯೋಗಾಲಯದಲ್ಲಿಯೇ ವಜ್ರಗಳ ರೋಹಿತವನ್ನು ಅಭ್ಯಸಿಸಿದರು.

ಬೆಳಕಿನ ಬದಲು ರೇಡಿಯೊ

ರಾಮನ್ ಬೆಳಕಿನಲ್ಲಿ ಹುಡುಕಿದ ಅಣುವಿನ ಸಹಜ ಗುರುತನ್ನು ರೇಡಿಯೊ ತರಂಗಗಳಲ್ಲಿ ಹುಡುಕುವ ದಾರಿ 1946ರಲ್ಲಿ ತೆರೆಯಿತು. ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಕಂಡರು. ಬಲವಾದ ಅಯಸ್ಕಾಂತದ ನಡುವೆ ಇಟ್ಟ ಜಲಜನಕದ ಪರಮಾಣು ಬೀಜ ನಿರ್ದಿಷ್ಟ ಆವರ್ತನದ ರೇಡಿಯೊ ತರಂಗಕ್ಕೆ ಮಾತ್ರ ಓಗೊಡುತ್ತದೆ. ರಾಮನ್ ಈ ಶೋಧದಲ್ಲಿ ಪಾಲುದಾರರಲ್ಲ. ಆದರೆ ಅವರು ಕಟ್ಟಿದ ಮನೆಗಳಲ್ಲಿ ಅದಕ್ಕೆ ಬೇಗನೆ ಜಾಗ ದೊರೆಯಿತು. ಅವರು ಆರಂಭಿಸಿದ ಭೌತವಿಜ್ಞಾನ ವಿಭಾಗದಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಅನುರಣನವನ್ನು ಅಳೆದು, ಹರಿವಿನ ವೇಗಕ್ಕೆ ತಕ್ಕಂತೆ ಸಂಕೇತ ಬದಲಾಗುವುದನ್ನು ತೋರಿಸಿದರು. ಆ ಪ್ರಬಂಧ 1951ರಲ್ಲಿ ಅಚ್ಚಾದದ್ದು ರಾಮನ್ ಅವರ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ. ಶರೀರದೊಳಗಿನ ರಕ್ತದ ಹರಿವನ್ನು ಕಾಂತೀಯ ಅನುರಣನದಿಂದ ಅಳೆಯುವ ವಿದ್ಯೆಯ ಇತಿಹಾಸ ಬರೆಯುವವರು ಇಂದಿಗೂ ಅಲ್ಲಿಂದ ಆರಂಭಿಸುತ್ತಾರೆ.

ಅದೇ 1951ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ನಾಲ್ಡ್, ಪ್ಯಾಕರ್ಡ್ ಅವರ ಜತೆ ಎಸ್.ಎಸ್. ಧರ್ಮಟ್ಟಿ ಎಂಬ ಭಾರತೀಯರು ಸಾಮಾನ್ಯ ಆಲ್ಕೊಹಾಲ್ ಅನ್ನು ಪರೀಕ್ಷಿಸಿದರು. ಒಂದು ಸಂಕೇತ ಬರಬೇಕಾದಲ್ಲಿ ಮೂರು ಬಂದವು. ಒಂದೇ ಅಣುವಿನ ಮೂರು ಕಡೆ ಕುಳಿತ ಜಲಜನಕಗಳು ಮೂರು ತುಸು ಭಿನ್ನ ಆವರ್ತನಗಳಲ್ಲಿ ಉತ್ತರಿಸಿದ್ದವು. ಅಣು ತನ್ನ ಹೆಸರನ್ನು ರೇಡಿಯೊದಲ್ಲಿಯೂ ಹೇಳಬಲ್ಲದು ಎಂದು ಇದರಿಂದ ಖಚಿತವಾಯಿತು. ಧರ್ಮಟ್ಟಿಯವರು ಸ್ವದೇಶಕ್ಕೆ ಮರಳಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನಾ ತಂಡವನ್ನು ಕಟ್ಟಿದರು.

ಮುಂದೆ ಈ ಅನುರಣನದಿಂದ ಶರೀರದ ಒಳಚಿತ್ರ ತೆಗೆಯುವ ಎಂಆರ್‌ಐ ಬಂತು. 1975ರಲ್ಲಿ ಜೂರಿಚ್‌ನ ರಿಚರ್ಡ್ ಅರ್ನ್ಸ್ಟ್ ಅವರೊಡನೆ ಎಂಆರ್‌ಐ ಚಿತ್ರಣದ ಗಣಿತ ವಿಧಾನವನ್ನು ರೂಪಿಸಿದ ಪ್ರಬಂಧದ ಮೊದಲ ಲೇಖಕ ಅನಿಲ್ ಕುಮಾರ್. ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು.

ಔಷಧವೇ ಸುಳಿವು ಕೊಟ್ಟಾಗ

ಎಂಆರ್‌ಐ ಸಾಮಾನ್ಯವಾಗಿ ನೋಡುವುದು ನೀರನ್ನು. ಶರೀರದಲ್ಲಿ ನೀರು ಅಪಾರ, ಔಷಧ ಅತ್ಯಲ್ಪ. ಔಷಧದ ಸಂಕೇತವನ್ನು ನೀರಿನ ಸಂಕೇತದ ನಡುವೆ ಹುಡುಕುವುದು ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಕೆಲವು ಔಷಧಗಳಿಗೆ ಇದರಿಂದ ವಿನಾಯಿತಿಯುಂಟು. 1957ರಿಂದ ಬಳಕೆಯ ಹಾದಿ ಹಿಡಿದ ಫ್ಲೋರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧದ ಅಣುವಿನಲ್ಲಿಯೇ ಫ್ಲೋರಿನ್ ಇದೆ. ಮೃದು ಅಂಗಾಂಶಗಳಲ್ಲಿ ಗೋಚರಿಸುವಂಥ ಫ್ಲೋರಿನ್ ಇಲ್ಲವೆಂದೇ ಹೇಳಬಹುದು. ಹೀಗಾಗಿ 1984ರಲ್ಲಿಯೇ ಪ್ರಾಣಿಗಳಲ್ಲಿ, ಆಮೇಲೆ ರೋಗಿಗಳಲ್ಲಿ ಆ ಔಷಧವನ್ನು ಅನುರಣನದಿಂದ ಹಿಂಬಾಲಿಸಿದರು. ಔಷಧ ಹೆಚ್ಚು ಹೊತ್ತು ಗಡ್ಡೆಯಲ್ಲಿ ನಿಂತವರಲ್ಲಿ ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚೆಂದು 1990ರ ದಶಕದ ಅಧ್ಯಯನಗಳು ತೋರಿಸಿದವು.

ಫ್ಲೋರಿನ್ ಇಲ್ಲದ ಔಷಧಗಳಿಗೂ ಒಂದು ಉಪಾಯ ದೊರೆತಿದೆ. ಅನೇಕ ಔಷಧಗಳ ಅಣುಗಳಲ್ಲಿ ಸಾರಜನಕಕ್ಕೋ ಆಮ್ಲಜನಕಕ್ಕೋ ಅಂಟಿದ ಜಲಜನಕಗಳಿವೆ. ಅವು ಒಂದೆಡೆ ನಿಲ್ಲುವುದಿಲ್ಲ, ಸುತ್ತಲ ನೀರಿನ ಜಲಜನಕಗಳೊಡನೆ ಸತತವಾಗಿ ಜಾಗ ಬದಲಿಸುತ್ತವೆ. ಅವುಗಳ ಆವರ್ತನ ನೀರಿನದಕ್ಕಿಂತ ದಶಲಕ್ಷದಲ್ಲಿ ಒಂದೆರಡು ಭಾಗದಷ್ಟು ಭಿನ್ನ. ಆ ಆವರ್ತನದಲ್ಲಿ ರೇಡಿಯೊ ತರಂಗ ಹಾಯಿಸಿ ಅವುಗಳ ಸಂಕೇತವನ್ನು ಅಡಗಿಸಿದರೆ, ಅವು ನೀರಿಗೆ ಜಿಗಿದಾಗ ಆ ಮೌನವನ್ನೂ ಒಯ್ಯುತ್ತವೆ. ಅವುಗಳ ಜಾಗಕ್ಕೆ ಹೊಸವು ಬರುತ್ತವೆ, ಅವೂ ಅಡಗುತ್ತವೆ. ಕೆಲವೇ ಕ್ಷಣಗಳಲ್ಲಿ ಇದು ಅನೇಕ ಬಾರಿ ನಡೆದು ನೀರಿನ ಸಂಕೇತವೇ ತುಸು ಮಂಕಾಗುತ್ತದೆ. ಎಂಆರ್‌ಐ ಚಿತ್ರದಲ್ಲಿ ಎಲ್ಲಿ ಮಂಕಾಯಿತೋ ಅಲ್ಲಿ ಔಷಧವಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 2016ರಲ್ಲಿ ಜೆಮ್ಸಿಟಬೈನ್ ಮುಂತಾದ ಕ್ಯಾನ್ಸರ್ ಔಷಧಗಳನ್ನು ಇಲಿಗಳ ಗಡ್ಡೆಯಲ್ಲಿ ಹೀಗೆ ನೋಡಿದರು. ಔಷಧಕ್ಕೆ ಯಾವ ಗುರುತನ್ನೂ ಅಂಟಿಸಿರಲಿಲ್ಲ.

ರಾಮನ್ ಅವರ ಬೆಳಕೂ ಹಿಂದೆ ಬಿದ್ದಿಲ್ಲ. 2014ರಲ್ಲಿ ಹಾರ್ವರ್ಡ್ ಸಂಶೋಧಕರು ಲೇಸರ್‌ಗಳ ನೆರವಿನಿಂದ ರಾಮನ್ ಪರಿಣಾಮವನ್ನು ಅನೇಕ ಪಟ್ಟು ಬಲಪಡಿಸಿ, ರಕ್ತ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಮತ್ತು ನಿಲೋಟಿನಿಬ್ ಔಷಧಗಳನ್ನು ಜೀವಂತ ಕೋಶಗಳೊಳಗೆ ನೇರವಾಗಿ ನೋಡಿದರು. ಲೈಸೋಸೋಮ್ ಎಂಬ ಚೀಲಗಳಲ್ಲಿ ಅವು ಹೊರಗಿನದಕ್ಕಿಂತ 1,000 ಪಟ್ಟಿಗೂ ಮೀರಿ ಸಂಗ್ರಹವಾಗಿದ್ದವು. ಬೆಳಕು ಚರ್ಮದ ಕೆಳಗೆ ಕೆಲವು ಮಿಲಿಮೀಟರಿಗಿಂತ ಆಳಕ್ಕೆ ಇಳಿಯಲಾರದು, ಎಂಆರ್‌ಐ ಇಡೀ ಶರೀರವನ್ನು ನೋಡುತ್ತದೆ, ಆದರೆ ಒಂದೊಂದೇ ಕೋಶವನ್ನು ಕಾಣಲಾರದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇವು ವಾರ್ಡಿನ ನಿತ್ಯದ ಪರೀಕ್ಷೆಗಳಾಗಿಲ್ಲ. ಸಂಕೇತದ ಕ್ಷೀಣತೆ ಇನ್ನೂ ಅಡ್ಡಿಯಾಗಿದೆ. ಔಷಧದ ಪ್ರಮಾಣ ಹೆಚ್ಚಿರಬೇಕು, ಅಯಸ್ಕಾಂತ ಬಲವಾಗಿರಬೇಕು, ಶರೀರದ ಸ್ವಂತ ಅಣುಗಳು ಕೊಡುವ ಇಂಥದೇ ಸಂಕೇತದಿಂದ ಔಷಧದ ಸಂಕೇತವನ್ನು ಬೇರ್ಪಡಿಸಬೇಕು. ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದುದು.

ಹೆಬ್ಬಾಳದ ತೋಟದಲ್ಲಿ

ದೀರ್ಘ ದಾರಿ ರಾಮನ್ ಅವರಿಗೆ ಹೊಸದಾಗಿರಲಿಲ್ಲ. 1948ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಿಂದ ನಿವೃತ್ತರಾದ ಅವರು, ಅಕಾಡೆಮಿಯ ಭೂಮಿಯಲ್ಲಿ ಕಟ್ಟಿದ ತಮ್ಮ ಸಂಶೋಧನಾ ಸಂಸ್ಥೆಗೆ ಬಂದರು. ಸ್ವಂತ ಹಣ ಮತ್ತು ದಾನಿಗಳ ನೆರವಿನಿಂದ ಅದನ್ನು ನಡೆಸಿದರು. ಸರ್ಕಾರದ ಹಣ ಬಂದರೆ ಅದರ ಹಿಂದೆ ವರದಿಗಳೂ ನಿರ್ಬಂಧಗಳೂ ಬರುತ್ತವೆ ಎಂಬುದು ಅವರ ನಿಲುವಾಗಿತ್ತು. 1954ರಲ್ಲಿ ಭಾರತರತ್ನ ಬಂತು. ವಜ್ರಗಳು, ಹರಳುಗಳು, ಚಿಟ್ಟೆಯ ರೆಕ್ಕೆಗಳು, ಗುಲಾಬಿಯ ಎಸಳುಗಳು ಕೊನೆಯವರೆಗೂ ಅವರ ಅಧ್ಯಯನದ ವಸ್ತುಗಳಾಗಿದ್ದವು. ಕಣ್ಣು ಬಣ್ಣವನ್ನು ಕಾಣುವ ಬಗೆಯ ಕುರಿತು 1968ರಲ್ಲಿ ಪುಸ್ತಕ ಹೊರತಂದರು. ಶಾಲಾ ಮಕ್ಕಳು ಬಂದರೆ ಅವರಿಗೆ ಹರಳುಗಳನ್ನು ತೋರಿಸುವುದರಲ್ಲಿ ಗಂಟೆಗಳನ್ನು ಕಳೆಯುತ್ತಿದ್ದರು.

1970ರ ಅಕ್ಟೋಬರಿನಲ್ಲಿ ಪ್ರಯೋಗಾಲಯದಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಸಾಯುವುದಕ್ಕಿಂತ ತಮ್ಮ ಸಂಸ್ಥೆಯ ತೋಟದ ನಡುವೆ ಇರುವುದು ಲೇಸೆಂದು ಹಿಂತಿರುಗಿದರು. ಅಕಾಡೆಮಿಯ ಪತ್ರಿಕೆಗಳನ್ನು ನಿಲ್ಲಗೊಡಬಾರದೆಂದು ಸಹೋದ್ಯೋಗಿಗಳಿಗೆ ತಿಳಿಸಿದರು. ಆ ವರ್ಷದ ನವೆಂಬರ್ 21ರ ಬೆಳಗಿನ ಜಾವ ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ಆವರಣದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಆ ಸ್ಥಳದಲ್ಲಿ ಸ್ಮಾರಕ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಸೂರ್ಯನ್ ಅವರ ಪ್ರಬಂಧ ಅಚ್ಚಾದ ಆ ಪತ್ರಿಕೆಯ ಪರಂಪರೆ ಇಂದಿಗೂ ಮುಂದುವರಿದಿದೆ. 1928ರಲ್ಲಿ ಕಲ್ಕತ್ತೆಯ ಕತ್ತಲೆ ಕೋಣೆಯಲ್ಲಿ ಕೋಟಿಗೊಂದು ಕಣವನ್ನು ಕಾಯ್ದವರ ತಾಳ್ಮೆಯಿಂದ ಎಂದಾದರೊಂದು ದಿನ ವಾರ್ಡಿನಲ್ಲಿ ಮಲಗಿರುವ ರೋಗಿಗೆ, ಹನಿಯುತ್ತಿರುವ ಔಷಧ ಮುಟ್ಟಬೇಕಾದಲ್ಲಿಗೆ ಮುಟ್ಟಿತು ಎಂಬ ಸುದ್ದಿ ಅಂದೇ ದೊರೆತರೆ, ಅದಕ್ಕಿಂತ ದೊಡ್ಡ ವಿಜ್ಞಾನ ದಿನಾಚರಣೆ ಬೇರೊಂದಿರಲಾರದು.